ಕೋಟಿಯ ಏಣಿ, ಪ್ರಶ್ನೆಯ ನ್ಯಾಯ: ಮರಳಿ ಬಂದ ‘ಕನ್ನಡದ ಕೋಟ್ಯಧಿಪತಿ’

ಪುನೀತ್ ರಾಜ್‌ಕುಮಾರ್ ಅವರ ನಿರೂಪಣೆಯಲ್ಲಿ 2012ರಲ್ಲಿ ಆರಂಭವಾದ ರಸಪ್ರಶ್ನೆ ಕಾರ್ಯಕ್ರಮ ‘ಕನ್ನಡದ ಕೋಟ್ಯಧಿಪತಿ’ 2013ರ ಎರಡನೆಯ ಆವೃತ್ತಿಯ ಬಳಿಕ ಕೆಲವು ವರ್ಷ ತೆರೆಯ ಮೇಲೆ ಕಾಣಿಸಲಿಲ್ಲ. 2018ರಲ್ಲಿ ರಮೇಶ್ ಅರವಿಂದ್ ಅವರು ಸ್ಟಾರ್ ಸುವರ್ಣದಲ್ಲಿ ಅದನ್ನು ಮತ್ತೆ ನಡೆಸಿಕೊಟ್ಟರು. ಮರುವರ್ಷ ಕಾರ್ಯಕ್ರಮ ಕಲರ್ಸ್ ಕನ್ನಡಕ್ಕೆ ಬಂದು, ಪುನೀತ್ ಅವರೇ ಮತ್ತೆ ನಿರೂಪಕರ ಕುರ್ಚಿಯಲ್ಲಿ ಕುಳಿತರು. ಮರಳಿ ಬಂದ ಈ ಎರಡು ಆವೃತ್ತಿಗಳನ್ನು ನಾನು ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ, ಕರೆಂಟು ಇದ್ದ ಸಂಜೆಗಳಲ್ಲೆಲ್ಲ, ಮಡಿಲಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ನೋಡಿದ್ದೇನೆ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವನು. ಸುತ್ತಲಿನ ಶಾಲೆಗಳ ರಸಪ್ರಶ್ನೆ ಸ್ಪರ್ಧೆಗಳಿಗೆ ಪ್ರಶ್ನೆ ಬರೆಯುವ ಕೆಲಸ ಹದಿನಾರು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಆದ್ದರಿಂದ ವೇದಿಕೆಯ ಬೆಳಕು, ಹಿನ್ನೆಲೆ ಸಂಗೀತ, ಅತಿಥಿಗಳ ಉಡುಪು ಮುಂತಾದವುಗಳ ಬಗ್ಗೆ ಈ ವಿಮರ್ಶೆಯಲ್ಲಿ ಏನೂ ಇರುವುದಿಲ್ಲ. ಸ್ಪರ್ಧೆಯ ಕಟ್ಟಡ ಹೇಗಿದೆ, ಅದು ಬಂದು ಕೂತವರಿಗೆ ನ್ಯಾಯ ಮಾಡುತ್ತದೆಯೇ ಎಂಬುದಷ್ಟೇ ನನ್ನ ವಿಷಯ.

ನನ್ನ ಅಳತೆಗೋಲನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಶ್ನೆ ಕಷ್ಟವಾಗಿರುವುದು ಅನ್ಯಾಯವಲ್ಲ. ಕೋಟಿ ರೂಪಾಯಿಯ ಪ್ರಶ್ನೆ ಕಷ್ಟವಾಗಿಯೇ ಇರಬೇಕು. ಸೋತು ಎದ್ದು ಹೋಗುವವರು ‘ನನಗೆ ಇದು ಗೊತ್ತಿರಲಿಲ್ಲ’ ಎಂದು ತಮಗೆ ತಾವೇ ಹೇಳಿಕೊಳ್ಳುವಂತಿದ್ದರೆ ಸ್ಪರ್ಧೆ ನ್ಯಾಯವಾಗಿ ನಡೆದಿದೆ. ‘ಗೊತ್ತಿತ್ತು, ಆದರೆ ಪ್ರಶ್ನೆ ಕೇಳಿದ ರೀತಿ ಸರಿಯಿರಲಿಲ್ಲ’, ‘ಗೊತ್ತಿತ್ತು, ಆದರೆ ಬೆರಳು ನಿಧಾನವಾಯಿತು’, ‘ಗೊತ್ತಿತ್ತು, ಆದರೆ ಅಲ್ಲಿಯವರೆಗೆ ತಲುಪುವುದಕ್ಕೇ ಆಗಲಿಲ್ಲ’ ಎಂಬ ಮಾತುಗಳಿಗೆ ಎಲ್ಲೆಲ್ಲಿ ಜಾಗ ಉಳಿದಿದೆಯೋ ಅಲ್ಲೆಲ್ಲ ಕಟ್ಟಡ ಸಡಿಲವಾಗಿದೆ ಎಂದು ತಿಳಿಯುತ್ತೇನೆ.

ಈ ಅಳತೆಗೋಲು ನನಗೆ ಸಿಕ್ಕಿದ್ದು ಒಬ್ಬಳು ವಿದ್ಯಾರ್ಥಿನಿಯಿಂದ. ಕೆಲವು ವರ್ಷಗಳ ಹಿಂದೆ ಒಂದು ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ನಾನು ‘ಕರ್ನಾಟಕದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳ ಯಾವುದು?’ ಎಂದು ಕೇಳಿದ್ದೆ. ಉತ್ತರ ಪತ್ರದಲ್ಲಿ ಆಗುಂಬೆ ಎಂದಿತ್ತು. ಹೊಸನಗರದ ಕಡೆಯ ಒಬ್ಬಳು ಹುಡುಗಿ ಎದ್ದು ನಿಂತು ‘ಹುಲಿಕಲ್’ ಎಂದಳು. ತಪ್ಪು ಎಂದು ಮುಂದಿನ ತಂಡಕ್ಕೆ ಪ್ರಶ್ನೆ ದಾಟಿಸಿದೆ. ಅವರು ಆಗುಂಬೆ ಎಂದು ಹತ್ತು ಅಂಕ ಪಡೆದರು. ಆ ಹತ್ತು ಅಂಕದಲ್ಲೇ ಫಲಿತಾಂಶ ನಿಂತಿತು. ಸ್ಪರ್ಧೆ ಮುಗಿದ ಮೇಲೆ ಅವಳು ನನ್ನ ಮೇಜಿನ ಹತ್ತಿರ ಬಂದು, ಅಳದೆ, ದನಿ ಎತ್ತದೆ, ‘ಸಾರ್, ನಮ್ಮ ದೊಡ್ಡಪ್ಪ ಮಳೆ ಅಳೆಯುವ ಕೆಲಸದಲ್ಲಿದ್ದವರು. ಎಷ್ಟೋ ವರ್ಷ ಹುಲಿಕಲ್ಲಲ್ಲೇ ಹೆಚ್ಚು ಬಂದಿದೆ. ನೀವು ಯಾವ ವರ್ಷದ್ದು ಕೇಳಿದ್ದು?’ ಎಂದಳು.

ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಆಗುಂಬೆಯ ವಾರ್ಷಿಕ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು. ‘ದಕ್ಷಿಣದ ಚಿರಾಪುಂಜಿ’ ಎಂಬ ಹೆಸರು ಪಠ್ಯಪುಸ್ತಕದಿಂದ ಎಲ್ಲರ ನಾಲಿಗೆಗೆ ಬಂದಿದೆ. ಆದರೆ ಹೊಸನಗರ ತಾಲ್ಲೂಕಿನ ಹುಲಿಕಲ್ ಅನೇಕ ವರ್ಷಗಳಲ್ಲಿ ಆಗುಂಬೆಯನ್ನು ಹಿಂದೆ ಹಾಕಿದೆ, ಬೆಳಗಾವಿ ಜಿಲ್ಲೆಯ ಆಮಗಾಂವ್ 2010ರಲ್ಲಿ ಹತ್ತು ಸಾವಿರ ಮಿಲಿಮೀಟರ್ ದಾಟಿದ್ದುಂಟು. ಸರಾಸರಿಯೋ, ಒಂದು ವರ್ಷದ ದಾಖಲೆಯೋ, ಯಾವ ಅವಧಿಯದು ಎಂದು ಹೇಳದೆ ಕೇಳಿದ ನನ್ನ ಪ್ರಶ್ನೆ ಪಠ್ಯಪುಸ್ತಕ ಓದಿದವರನ್ನು ಗೆಲ್ಲಿಸಿತು, ಮಳೆಯನ್ನು ಕಂಡವಳನ್ನು ಸೋಲಿಸಿತು. ಅಂದಿನಿಂದ ಪ್ರತಿ ಪ್ರಶ್ನೆಯ ಕೆಳಗೂ ಅದರ ಆಧಾರವನ್ನು, ಅವಧಿಯನ್ನು ಬರೆದಿಟ್ಟುಕೊಳ್ಳುತ್ತೇನೆ.

‘ಕೋಟ್ಯಧಿಪತಿ’ಯ ಪ್ರಶ್ನೆಗಳನ್ನು ನಾನು ನೋಡುವುದು ಈ ಕಣ್ಣಿನಿಂದ. ನಾಲ್ಕು ಆಯ್ಕೆ ಕೊಟ್ಟು ಕೇಳುವ ಪ್ರಶ್ನೆಗೆ ಒಂದು ದೊಡ್ಡ ಅನುಕೂಲವಿದೆ: ಆಯ್ಕೆಗಳೇ ಪ್ರಶ್ನೆಯ ಗಡಿಯನ್ನು ಹಾಕಿಕೊಡುತ್ತವೆ. ಹುಲಿಕಲ್ ಆಯ್ಕೆಯಲ್ಲೇ ಇಲ್ಲದಿದ್ದರೆ, ಆಗುಂಬೆಯ ಜೊತೆ ಮಡಿಕೇರಿ, ಶಿರಸಿ, ಸಕಲೇಶಪುರ ಇದ್ದರೆ, ವಿವಾದವೇ ಹುಟ್ಟುವುದಿಲ್ಲ. ಆದರೆ ಅದೇ ಅನುಕೂಲ ಬರೆಯುವವರನ್ನು ಸೋಮಾರಿಗಳನ್ನಾಗಿಯೂ ಮಾಡಬಲ್ಲದು. ಭಾರತದ ಅತಿ ಎತ್ತರದ ಜಲಪಾತ ಯಾವುದು ಎಂದು ಕೇಳಿ ಜೋಗವನ್ನೂ ಕುಂಚಿಕಲ್ಲನ್ನೂ ಎರಡೂ ಆಯ್ಕೆಗಳಲ್ಲಿ ಇಟ್ಟರೆ ಏನಾಗುತ್ತದೆ ನೋಡಿ. ಜೋಗದ ಶರಾವತಿ 253 ಮೀಟರ್ ಆಳಕ್ಕೆ ಧುಮುಕುತ್ತಾಳೆ. ವಾರಾಹಿಯ ಕುಂಚಿಕಲ್ ಅಬ್ಬಿಗೆ ಅನೇಕ ಪಟ್ಟಿಗಳು 455 ಮೀಟರ್ ಕೊಡುತ್ತವೆ, ಆದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರು. ‘ಒಂದೇ ಧುಮುಕಿಗೆ’ ಎಂಬ ಎರಡು ಪದಗಳನ್ನು ಪ್ರಶ್ನೆಯಲ್ಲಿ ಸೇರಿಸದಿದ್ದರೆ ಕುಂಚಿಕಲ್ ಹತ್ತಿರದ ಮಾಸ್ತಿಕಟ್ಟೆಯಲ್ಲಿ ಬೆಳೆದ ಒಬ್ಬ ಸ್ಪರ್ಧಿಗೆ ಲಕ್ಷಾಂತರ ರೂಪಾಯಿಯ ನಷ್ಟವಾಗಬಹುದು. ಜ್ಞಾನಪೀಠದ ವರ್ಷಗಳದ್ದೂ ಹೀಗೆಯೇ. ಕುವೆಂಪು ಅವರಿಗೆ ಬಂದದ್ದು 1967ನೇ ಸಾಲಿನ ಪ್ರಶಸ್ತಿ, ಪ್ರದಾನ ನಡೆದದ್ದು ಮರುವರ್ಷ. ‘ಯಾವ ವರ್ಷ ಪಡೆದರು’ ಎಂದು ಕೇಳುವುದಕ್ಕೂ ‘ಯಾವ ಸಾಲಿನ ಪ್ರಶಸ್ತಿ’ ಎಂದು ಕೇಳುವುದಕ್ಕೂ ನಡುವೆ ಒಂದು ಉತ್ತರದ ಅಂತರವಿದೆ.

ಈ ದೃಷ್ಟಿಯಲ್ಲಿ ಮರಳಿ ಬಂದ ಆವೃತ್ತಿಗಳು ಬಹುಮಟ್ಟಿಗೆ ಜವಾಬ್ದಾರಿಯಿಂದ ನಡೆದುಕೊಂಡಿವೆ ಎಂದೇ ನನ್ನ ಅಭಿಪ್ರಾಯ. ನಾನು ಬರೆದುಕೊಂಡ ಪ್ರಶ್ನೆಗಳಲ್ಲಿ ಮೇಲಿನ ಹಂತದವು ಸಾಮಾನ್ಯವಾಗಿ ವರ್ಷವನ್ನೋ ಪದವಿಯನ್ನೋ ಗುರುತಿಸಿ ಕೇಳಿದವು. ಕೊರತೆ ಇರುವುದು ಇನ್ನೊಂದು ಕಡೆ. ಉತ್ತರ ತಪ್ಪಾದಾಗ ಸರಿಯುತ್ತರ ಏಕೆ ಸರಿ ಎಂಬುದಕ್ಕೆ ಒಂದು ವಾಕ್ಯದ ವಿವರಣೆ ಎಲ್ಲ ಸಂದರ್ಭದಲ್ಲೂ ಬರುವುದಿಲ್ಲ. ಸ್ಪರ್ಧಿಯ ಕುಟುಂಬದ ಕಥೆಗೆ ಹತ್ತು ನಿಮಿಷ ಕೊಡುವ ಕಾರ್ಯಕ್ರಮ, ಅವರನ್ನು ಮನೆಗೆ ಕಳುಹಿಸಿದ ಉತ್ತರದ ಆಧಾರಕ್ಕೆ ಹತ್ತು ಸೆಕೆಂಡ್ ಕೊಡಬೇಕಿತ್ತು.

ಇನ್ನು ಹಣದ ಏಣಿ: ಪ್ರತಿ ಸರಿಯುತ್ತರಕ್ಕೂ ಬಹುಮಾನ ಒಂದು ಮೆಟ್ಟಿಲು ಏರುತ್ತದೆ, ಬೇಡವೆನಿಸಿದರೆ ಗಳಿಸಿದ್ದನ್ನು ತೆಗೆದುಕೊಂಡು ಏಳಬಹುದು. ಈ ಕಾರ್ಯಕ್ರಮದ ವಿನ್ಯಾಸದಲ್ಲಿ ಅತ್ಯಂತ ಚೆಲುವಾದ ಭಾಗ ಇದು ಎಂದು ನಾನು ನಂಬಿದ್ದೇನೆ, ಆದ್ದರಿಂದ ಸ್ವಲ್ಪ ಹೊತ್ತು ಇಲ್ಲಿ ನಿಲ್ಲುತ್ತೇನೆ. 2000ದ ಜುಲೈನಲ್ಲಿ ಇದೇ ಕಾರ್ಯಕ್ರಮದ ಹಿಂದಿ ರೂಪ ‘ಕೌನ್ ಬನೇಗಾ ಕರೋಡ್‌ಪತಿ’ ಆರಂಭವಾದಾಗಿನ ಹದಿನೈದು ಮೆಟ್ಟಿಲಿನ ಏಣಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಐದನೆಯ ಮೆಟ್ಟಿಲು 10,000 ರೂಪಾಯಿ, ಹತ್ತನೆಯದು 3,20,000. ಇವೆರಡೂ ಭದ್ರ ಹಂತಗಳು, ಮುಂದೆ ತಪ್ಪಿದರೂ ಇದಕ್ಕಿಂತ ಕೆಳಗೆ ಬೀಳುವುದಿಲ್ಲ. ಅಲ್ಲಿಂದ 6,40,000, ಹನ್ನೆರಡೂವರೆ ಲಕ್ಷ, ಇಪ್ಪತ್ತೈದು ಲಕ್ಷ, ಐವತ್ತು ಲಕ್ಷ, ಒಂದು ಕೋಟಿ.

ಹನ್ನೊಂದನೆಯ ಪ್ರಶ್ನೆಗೆ ಊಹೆಯ ಮೇಲೆ ಉತ್ತರಿಸಿದರೂ ನಷ್ಟವೇನಿಲ್ಲ, ಏಕೆಂದರೆ ತಪ್ಪಿದರೂ 3,20,000 ಕೈಯಲ್ಲೇ ಉಳಿಯುತ್ತದೆ. ಹನ್ನೆರಡನೆಯದಕ್ಕೆ ಬಂದಾಗ 6,40,000 ಕೈಯಲ್ಲಿರುತ್ತದೆ; ತಪ್ಪಿದರೆ ಅದರಲ್ಲಿ ಅರ್ಧ ಹೋಗುತ್ತದೆ, ಸರಿಯಾದರೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಲೆಕ್ಕ ಹಾಕಿದರೆ, ಉತ್ತರ ಸರಿಯಿರುವ ಸಂಭವ ನೂರಕ್ಕೆ ಮೂವತ್ತೈದರಷ್ಟಿದ್ದರೂ ಆಡುವುದು ಲಾಭ. ಇಪ್ಪತ್ತೈದು ಲಕ್ಷದ ಪ್ರಶ್ನೆಗೆ ಆ ಗೆರೆ ನೂರಕ್ಕೆ ನಲವತ್ಮೂರರ ಹತ್ತಿರ, ಐವತ್ತು ಲಕ್ಷಕ್ಕೆ ನಲವತ್ತೇಳು, ಕೋಟಿಗೆ ನಲವತ್ತೆಂಟಕ್ಕಿಂತ ಸ್ವಲ್ಪ ಮೇಲೆ. ಹತ್ತನೆಯದರಿಂದ ಮೇಲಕ್ಕೆ ಪ್ರತಿ ಮೆಟ್ಟಿಲಿಗೂ ಬೇಕಾದ ಧೈರ್ಯ ಇಷ್ಟಿಷ್ಟೇ ಹೆಚ್ಚುತ್ತಾ ಹೋಗುವಂತೆ ಇದನ್ನು ಕಟ್ಟಿದ್ದಾರೆ, ಮತ್ತು ಅಲ್ಲೆಲ್ಲಿಯೂ ಗೆರೆ ಐವತ್ತನ್ನು ದಾಟುವುದಿಲ್ಲ. ಎರಡೇ ಆಯ್ಕೆ ಉಳಿದು, ಯಾವುದೆಂದು ಗೊತ್ತಿಲ್ಲದಿದ್ದರೂ, ಬರಿಯ ಅಂಕಗಣಿತದ ಪ್ರಕಾರ ಆಡಬೇಕು.

ಆದರೆ ಮನುಷ್ಯರು ಹಾಗೆ ಆಡುವುದಿಲ್ಲ, ಆಡಬೇಕಾಗಿಯೂ ಇಲ್ಲ. ನಮ್ಮ ಊರಿನ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆಯನ್ನು ಇವತ್ತಿನ ಧಾರಣೆಗೇ ಶಿವಮೊಗ್ಗದ ಮಂಡಿಗೆ ಹಾಕುವುದೋ, ಮಳೆಗಾಲ ದಾಟುವವರೆಗೆ ಚೀಲದಲ್ಲಿಟ್ಟು ಕಾಯುವುದೋ ಎಂಬ ಯೋಚನೆಯಲ್ಲಿ ಪ್ರತಿ ವರ್ಷ ನಿದ್ದೆ ಕೆಡಿಸಿಕೊಳ್ಳುವವರು ಅವರು. ಮಗಳ ಮದುವೆ ಇದ್ದವರು ಕಾಯುವುದಿಲ್ಲ, ಸಾಲವಿಲ್ಲದವರು ಕಾಯುತ್ತಾರೆ. ಧಾರಣೆ ಇಬ್ಬರಿಗೂ ಒಂದೇ. ಸ್ಪರ್ಧಿ ಕೂತು ಉತ್ತರಿಸುವ ಹಾಟ್ ಸೀಟಿನಲ್ಲಿಯೂ ಹಾಗೆಯೇ. ಇಪ್ಪತ್ತೈದು ಲಕ್ಷ ಕೈಯಲ್ಲಿರುವಾಗ ಐವತ್ತು ಲಕ್ಷದ ಆಸೆಗೆ ಇಪ್ಪತ್ತೆರಡು ಲಕ್ಷ ಕಳೆದುಕೊಳ್ಳುವುದು ಸಂಬಳದವರಿಗೆ ಒಂದು ಕಥೆ, ಗೇಣಿಯ ಜಮೀನಿನವರಿಗೆ ಇನ್ನೊಂದು. ಅದರ ಮೇಲೆ ಗೆದ್ದ ಹಣಕ್ಕೆ ನೂರಕ್ಕೆ ಮೂವತ್ತು ತೆರಿಗೆ, ಸೆಸ್ ಬೇರೆ. ಇಪ್ಪತ್ತೈದು ಲಕ್ಷ ಮನೆಗೆ ಬರುವಾಗ ಹದಿನೇಳು ಲಕ್ಷದ ಆಸುಪಾಸಿನಲ್ಲಿರುತ್ತದೆ.

ಸ್ಪರ್ಧಿಯೊಬ್ಬರು ಎರಡು ಆಯ್ಕೆಗಳ ನಡುವೆ ತೂಗಾಡುತ್ತಿದ್ದಾಗ, ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ನಮ್ಮ ಅಮ್ಮ, ‘ಬಿಟ್ಟು ಏಳಿ ಮಾರಾಯ್ರೆ, ಬಂದಿದ್ದು ಸಾಕಲ’ ಎಂದು ಟಿವಿಗೇ ಹೇಳಿದ್ದು ನೆನಪಿದೆ. ಸ್ಪರ್ಧಿಯೂ ಬಿಟ್ಟು ಎದ್ದರು. ಪುನೀತ್ ಅವರು ಎದ್ದು ಬಂದು ಅಪ್ಪಿಕೊಂಡು ಕಳುಹಿಸಿಕೊಟ್ಟರು. ಈ ಬಿಟ್ಟೇಳುವ ಹಕ್ಕು ಇರುವುದರಿಂದಲೇ ನಾನು ಇದನ್ನು ಜೂಜು ಎನ್ನುವವರ ಮಾತನ್ನು ಒಪ್ಪುವುದಿಲ್ಲ. ಪ್ರಶ್ನೆ ನೋಡಿದ ಮೇಲೆ, ಆಯ್ಕೆಗಳನ್ನು ಓದಿದ ಮೇಲೆ, ಗಳಿಸಿದ್ದನ್ನು ತೆಗೆದುಕೊಂಡು ಗೌರವದಿಂದ ಹೊರಡಬಹುದು. ತನಗೆ ಏನು ಗೊತ್ತಿಲ್ಲ ಎಂಬುದನ್ನು ಸರಿಯಾಗಿ ಅಳೆಯಬಲ್ಲವರಿಗೂ ಇಲ್ಲಿ ಬಹುಮಾನವಿದೆ. ನಮ್ಮ ಶಾಲೆಯ ಪರೀಕ್ಷೆಗಳಲ್ಲಿ ಇಲ್ಲದ ಗುಣ ಇದು.

ಈ ಏಣಿಯನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯಬಹುದು ಎಂಬುದಕ್ಕೆ ಮೂಲ ಕಾರ್ಯಕ್ರಮವೇ ಉದಾಹರಣೆ. ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ 1998ರಲ್ಲಿ ಹುಟ್ಟಿದ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ 2007ರಲ್ಲಿ ಪ್ರಶ್ನೆಗಳನ್ನು ಹದಿನೈದರಿಂದ ಹನ್ನೆರಡಕ್ಕೆ ಇಳಿಸಿತು, 2010ರಲ್ಲಿ ಗಡಿಯಾರ ತಂದಿತು, 2014ರಲ್ಲಿ ನಿಂತುಹೋಯಿತು. 2018ರಲ್ಲಿ ಜೆರೆಮಿ ಕ್ಲಾರ್ಕ್‌ಸನ್ ಅವರ ನಿರೂಪಣೆಯಲ್ಲಿ ಮರಳಿದಾಗ ಹದಿನೈದು ಪ್ರಶ್ನೆಗಳು ವಾಪಸು ಬಂದವು, ಗಡಿಯಾರ ಹೋಯಿತು. ಅದಕ್ಕಿಂತ ಮುಖ್ಯವಾದದ್ದು, ಐದನೆಯ ಪ್ರಶ್ನೆಯ ಸಾವಿರ ಪೌಂಡನ್ನು ಮಾತ್ರ ಸ್ಥಿರವಾದ ಭದ್ರ ಹಂತವಾಗಿ ಉಳಿಸಿಕೊಂಡು, ಎರಡನೆಯದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂಬ ತೀರ್ಮಾನವನ್ನು ಸ್ಪರ್ಧಿಗೇ ಬಿಟ್ಟರು. ಮುಂದಿನ ಪ್ರಶ್ನೆ ತೆರೆಯ ಮೇಲೆ ಬರುವ ಮೊದಲೇ ‘ಇಲ್ಲಿ ನನ್ನ ಭದ್ರ ಹಂತ’ ಎಂದು ಹೇಳಬೇಕು. ತೀರಾ ಬೇಗ ಹೇಳಿದರೆ ಮೇಲೆ ರಕ್ಷಣೆಯಿಲ್ಲ, ತಡ ಮಾಡಿದರೆ ಅಷ್ಟರಲ್ಲೇ ಬೀಳಬಹುದು. ತಂತಮ್ಮ ಮನೆಯ ಅಗತ್ಯಕ್ಕೆ ತಕ್ಕಂತೆ ಅಪಾಯವನ್ನು ಹಂಚಿಕೊಳ್ಳುವ ಸ್ವಾತಂತ್ರ್ಯ ಇದು. ಮಂಡಿಗೆ ಅಡಿಕೆಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕುವವರ ಬುದ್ಧಿಯೂ ಇದೇ. ಕನ್ನಡದಲ್ಲಿ ಕಾರ್ಯಕ್ರಮ ಇನ್ನೊಮ್ಮೆ ಬರುವುದಾದರೆ ಈ ಒಂದು ನಿಯಮವನ್ನು ತರಲೇಬೇಕೆಂದು ನನ್ನ ಬಲವಾದ ಆಗ್ರಹ.

ಹೊಗಳಿಕೆ ಇಲ್ಲಿಗೆ ನಿಲ್ಲುತ್ತದೆ, ಏಕೆಂದರೆ ಹಾಟ್ ಸೀಟಿನವರೆಗೆ ತಲುಪುವ ದಾರಿಯ ಬಗ್ಗೆ ನನಗೆ ಗಂಭೀರವಾದ ತಕರಾರಿದೆ. ‘ಫಾಸ್ಟೆಸ್ಟ್ ಫಿಂಗರ್ ಫಸ್ಟ್’ ಸುತ್ತಿನಲ್ಲಿ ನಾಲ್ಕು ಸಂಗತಿಗಳನ್ನು ಕ್ರಮವಾಗಿ ಜೋಡಿಸಬೇಕು. ಸರಿಯಾಗಿ ಜೋಡಿಸಿದವರಲ್ಲಿ ಎಲ್ಲರಿಗಿಂತ ಬೇಗ ಒತ್ತಿದವರು ಹಾಟ್ ಸೀಟಿಗೆ ಬರುತ್ತಾರೆ. ಉದಾಹರಣೆಗೆ, ಮುಖ್ಯಮಂತ್ರಿಯಾದ ಕಾಲಕ್ರಮದಲ್ಲಿ ಜೋಡಿಸಿ ಎಂದು ಕಡಿದಾಳ್ ಮಂಜಪ್ಪ, ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್, ಬಿ.ಎಸ್. ಯಡಿಯೂರಪ್ಪ ಅವರ ಹೆಸರು ಕೊಟ್ಟರೆಂದು ಇಟ್ಟುಕೊಳ್ಳಿ. 1956, 1990, 1996, 2007. ಶಿವಮೊಗ್ಗದವರಿಗೆ ಇದು ನೀರು ಕುಡಿದಷ್ಟು ಸಲೀಸು. ಪ್ರಶ್ನೆಯೂ ಸ್ವಚ್ಛ, ಯಾಕೆಂದರೆ ಕ್ರಮದ ಬಗ್ಗೆ ಎರಡು ಮಾತಿಲ್ಲ. ಇದನ್ನೇ ‘ಶಿವಮೊಗ್ಗ ಜಿಲ್ಲೆಯ ಮುಖ್ಯಮಂತ್ರಿಗಳು’ ಎಂದು ಬರೆದಿದ್ದರೆ, 1997ರಲ್ಲಿ ಪಟೇಲರ ಚನ್ನಗಿರಿ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಸೇರಿದ್ದರಿಂದ, ಅವರ ಹೆಸರಿನ ಬಳಿ ಒಂದು ಕ್ಷಣ ಬೆರಳು ತಡೆಯುತ್ತಿತ್ತು. ಆ ಒಂದು ಕ್ಷಣದಲ್ಲೇ ಈ ಸುತ್ತು ಮುಗಿದುಹೋಗುತ್ತದೆ.

ತೊಂದರೆ ಇರುವುದು ಇಲ್ಲಿಯೇ. ನಾಲ್ಕು ಸಂಗತಿಗಳನ್ನು ಜೋಡಿಸಲು ಇಪ್ಪತ್ನಾಲ್ಕು ವಿಧಗಳಿವೆ. ಏನೂ ತಿಳಿಯದೆ ಒತ್ತಿದವರು ಇಪ್ಪತ್ನಾಲ್ಕರಲ್ಲಿ ಒಂದು ಸಲ ಸರಿಯಾಗುತ್ತಾರೆ. ಮೊದಲನೆಯದು ಮಾತ್ರ ಗೊತ್ತಿದ್ದು ಉಳಿದದ್ದನ್ನು ಊಹಿಸಿದವರು ಆರರಲ್ಲಿ ಒಂದು ಸಲ. ಮೂರು ಗೊತ್ತಿದ್ದರೆ ನಾಲ್ಕನೆಯದು ತಾನಾಗಿ ಕೂರುತ್ತದೆ. ಪೂರ್ತಿ ಗೊತ್ತಿದ್ದು, ಓದಿ, ಯೋಚಿಸಿ, ಖಚಿತಪಡಿಸಿಕೊಂಡು ಒತ್ತಿದವರು, ಅರ್ಧ ಗೊತ್ತಿದ್ದು ಧೈರ್ಯದಿಂದ ಬೆರಳಾಡಿಸಿದವರಿಗಿಂತ ಹಿಂದೆ ಬೀಳುವ ಸಂದರ್ಭ ವಿರಳವಲ್ಲ. ಜಾಗ್ರತೆಗೆ ಇಲ್ಲಿ ದಂಡ ಬೀಳುತ್ತದೆ. ಹಾಟ್ ಸೀಟಿಗೆ ಬಂದ ಮೇಲೆ ‘ಅವಸರ ಬೇಡ, ಯೋಚಿಸಿ’ ಎಂದು ನಿರೂಪಕರು ಹೇಳುವ ಕಾರ್ಯಕ್ರಮ, ಅಲ್ಲಿಗೆ ಬರುವ ಬಾಗಿಲಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗವನ್ನು ನೋಡಿ ಒಳಗೆ ಬಿಡುತ್ತದೆ. ಒಳಗಿನ ಪರೀಕ್ಷೆಗೂ ಬಾಗಿಲಿನ ಪರೀಕ್ಷೆಗೂ ಸಂಬಂಧವೇ ಇಲ್ಲದಂತಾಗಿದೆ. ಅರವತ್ತು ದಾಟಿದ, ಕತ್ತಿ ಹಿಡಿದು ಹಿಡಿದು ಬೆರಳಿನ ಗೆಣ್ಣು ಗಟ್ಟಿಯಾದ ಒಬ್ಬ ಕೃಷಿಕರು, ಪೇಪರನ್ನು ಮೂಲೆ ಮೂಲೆ ಓದುವವರು, ಆ ಸಾಲಿನಲ್ಲಿ ಕೂತಿದ್ದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಒಂದೇ ಪ್ರಶ್ನೆಯ ಬದಲು ಮೂರು ಪ್ರಶ್ನೆ ಕೇಳಿ, ಹೆಚ್ಚು ಸರಿಯಾದವರನ್ನು ಮೊದಲು ಪರಿಗಣಿಸಿ, ಸಮವಾದಾಗ ಮಾತ್ರ ಸಮಯವನ್ನು ನೋಡುವುದು ನ್ಯಾಯ. ನಮ್ಮ ಶಾಲಾ ಸ್ಪರ್ಧೆಗಳಲ್ಲಿ ಬಜರ್ ಸುತ್ತನ್ನು ನಾವು ಹೀಗೆಯೇ ಬದಲಿಸಿದೆವು. ಅದರಿಂದ ಆಟದ ಬಿಸಿ ಕಡಿಮೆಯಾಗಲಿಲ್ಲ.

ಅದಕ್ಕೂ ಹಿಂದಿನ ಹೆಜ್ಜೆ ನೋಂದಣಿ. ಫೋನಿನ ಮೂಲಕ, ಗೊತ್ತುಮಾಡಿದ ಅವಧಿಯೊಳಗೆ ಪ್ರಶ್ನೆಗೆ ಉತ್ತರ ಕಳುಹಿಸಬೇಕಾದ ಯಾವುದೇ ಸ್ಪರ್ಧೆಯಲ್ಲಿ ಮಲೆನಾಡಿನ ಒಳಹಳ್ಳಿಗಳು ಮೊದಲೇ ಹಿಂದೆ ಉಳಿಯುತ್ತವೆ. ಜುಲೈ ತಿಂಗಳಲ್ಲಿ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ತೋಟದ ಮೇಲಿನ ದರೆಯ ಒಂದು ಮೂಲೆಯಲ್ಲಿ ಮಾತ್ರ. ನನ್ನ ತಮ್ಮನ ಮಗ ಇಂಥದ್ದೇ ಒಂದು ಸ್ಪರ್ಧೆಗೆ ಹೆಸರು ಕೊಡಲು ಕೊಡೆ ಹಿಡಿದು, ಸಂಕ ದಾಟಿ, ಆ ದರೆ ಹತ್ತಿ ನಿಂತಿದ್ದ. ನಾಲ್ಕು ಸಲ ಮೆಸೇಜ್ ಕಳುಹಿಸಿದ, ನಾಲ್ಕೂ ಸಲ ‘ಫೇಲ್ಡ್’ ಎಂದು ಬಂತು. ಐದನೆಯ ಸಲ ಹೋದಾಗ ಅವಧಿ ಮುಗಿದಿತ್ತು. ಇದು ಯಾವ ವಾಹಿನಿಯ ತಪ್ಪೂ ಅಲ್ಲ, ಮಳೆಯ ಮತ್ತು ಟವರಿನ ವಿಷಯ. ಆದರೂ ಕನ್ನಡದ ಹೆಸರಿಟ್ಟುಕೊಂಡ ಸ್ಪರ್ಧೆ ಕನ್ನಡ ನಾಡಿನ ಎಲ್ಲ ಮೂಲೆಗೂ ಸಮಾನವಾಗಿ ತೆರೆದಿರಬೇಕಾದರೆ, ಅವಧಿ ಒಂದು ದಿನದ ಬದಲು ಒಂದು ವಾರವಿರಬೇಕು, ಅಥವಾ ಜಿಲ್ಲಾ ಕೇಂದ್ರಗಳಲ್ಲಿ ನೇರ ಆಯ್ಕೆಯ ಪರೀಕ್ಷೆ ನಡೆಯಬೇಕು.

ಲೈಫ್‌ಲೈನ್‌ಗಳ, ಅಂದರೆ ಉತ್ತರ ತಿಳಿಯದಾಗ ಸ್ಪರ್ಧಿ ಬಳಸಬಹುದಾದ ಸಹಾಯಗಳ, ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದ ಆವೃತ್ತಿಯಲ್ಲಿ ಸಭಿಕರ ಉತ್ತರ ನೂರಕ್ಕೆ ತೊಂಬತ್ತೊಂದು ಸಲ ಸರಿಯಾಗಿತ್ತು, ಫೋನಿನಲ್ಲಿ ಸಿಕ್ಕ ಪರಿಣತರ ಉತ್ತರ ಅರವತ್ತೈದರ ಆಸುಪಾಸಿನಲ್ಲಿತ್ತು ಎಂಬ ಲೆಕ್ಕವನ್ನು ಬಹಳ ಜನ ಉದ್ಧರಿಸುತ್ತಾರೆ. ಇದನ್ನು ಎಚ್ಚರದಿಂದ ಓದಬೇಕು: ಸಭಿಕರನ್ನು ಕೇಳುವುದು ಸಾಮಾನ್ಯವಾಗಿ ಸಿನಿಮಾ, ಕ್ರಿಕೆಟ್ ಮುಂತಾದ ಸುಲಭ ಪ್ರಶ್ನೆಗಳಿಗೆ, ಸ್ನೇಹಿತರಿಗೆ ಫೋನು ಮಾಡುವುದು ಕಷ್ಟ ಬಂದಾಗ. ಕನ್ನಡದಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಸಭೆಯಲ್ಲಿ ಯಾವ ಊರಿನವರು ಕೂತಿದ್ದಾರೆ ಎಂಬುದರ ಮೇಲೆ ಸಭೆಯ ಜ್ಞಾನ ನಿಂತಿರುತ್ತದೆ. ‘ಸಂಕ’ ಎಂದರೇನು ಎಂದು ಕೇಳಿದರೆ ನಮ್ಮ ಕಡೆಯ ಸಣ್ಣ ಮಗುವೂ ಹಳ್ಳಕ್ಕೆ ಅಡ್ಡ ಹಾಕಿದ ಅಡಿಕೆಮರದ ದಬ್ಬೆಯನ್ನು ತೋರಿಸುತ್ತದೆ. ‘ಹಗೇವು’ ಎಂದರೇನು ಎಂದರೆ ಬಯಲುಸೀಮೆಯ, ಉತ್ತರ ಕರ್ನಾಟಕದ ಅಜ್ಜಿಯರು ನೆಲದೊಳಗಿನ ಕಾಳಿನ ಕಣಜವನ್ನು ನೆನೆಯುತ್ತಾರೆ. ಒಂದು ಊರಿಗೆ ಸಾವಿರ ರೂಪಾಯಿಯ ಪ್ರಶ್ನೆ ಇನ್ನೊಂದು ಊರಿಗೆ ಆರು ಲಕ್ಷದ್ದು. ಹಾಗೆಂದು ಇಂಥ ಪ್ರಶ್ನೆಗಳನ್ನು ಬಿಡಬಾರದು. ನಾಡಿನ ಎಲ್ಲ ಕಡೆಯ ಪದಗಳೂ ಸರದಿಯಲ್ಲಿ ಬರಬೇಕು. ಮರಳಿ ಬಂದ ಆವೃತ್ತಿಗಳಲ್ಲಿ ನನಗೆ ತೀರಾ ಕಡಿಮೆ ಎನಿಸಿದ್ದು ಇದೇ. ಸಿನಿಮಾದ ಪ್ರಶ್ನೆಗಳು ಧಾರಾಳವಾಗಿದ್ದವು, ದೇಶದ ಮತ್ತು ಜಗತ್ತಿನ ಪ್ರಶ್ನೆಗಳು ಸಾಕಷ್ಟಿದ್ದವು. ಹಡ್ಲು, ಬ್ಯಾಣ, ಸೊಪ್ಪಿನಬೆಟ್ಟ ಎಂದರೇನು ಎಂದು ಕೇಳುವ, ಕಂಬಳಿ ಕೊಪ್ಪೆ ಹಾಕಿಕೊಂಡು ನೆಟ್ಟಿ ಮಾಡಿದವರಿಗೆ ಬಾಗಿಲು ತೆರೆಯುವ ಪ್ರಶ್ನೆಗಳು ಬೆರಳೆಣಿಕೆಯಷ್ಟೂ ನನ್ನ ನೋಟ್‌ಬುಕ್ಕಿನಲ್ಲಿಲ್ಲ.

ಎರಡು ತಪ್ಪು ಆಯ್ಕೆಗಳನ್ನು ಅಳಿಸಿಹಾಕುವ ಫಿಫ್ಟಿ ಫಿಫ್ಟಿಯ ವಿಷಯದಲ್ಲಿ ನನ್ನ ಬೇಡಿಕೆ ಪಾರದರ್ಶಕತೆ ಮಾತ್ರ. ಉಳಿಯುವ ತಪ್ಪು ಆಯ್ಕೆಯನ್ನು ಯಂತ್ರ ಚೀಟಿ ಎತ್ತಿದಂತೆ ಆರಿಸುತ್ತದೆಯೋ, ಪ್ರಶ್ನೆ ಬರೆದವರು ಮೊದಲೇ ಗುರುತಿಸಿರುತ್ತಾರೋ ಎಂಬುದು ಸ್ಪರ್ಧಿಗೆ ಗೊತ್ತಿರಬೇಕು. ಬರೆದವರು ಆರಿಸಿದರೆ ಅತ್ಯಂತ ಮೋಹಕವಾದ ತಪ್ಪೇ ಉಳಿಯುತ್ತದೆ, ಆಗ ಆ ಸಹಾಯದ ಬೆಲೆ ಅರ್ಧವಾಗುತ್ತದೆ.

ನಿರೂಪಕರ ಮುಖವೂ ಈ ಸ್ಪರ್ಧೆಯ ನಿಯಮಗಳಲ್ಲಿ ಒಂದು ಎಂಬುದನ್ನು ಜನ ಮರೆಯುತ್ತಾರೆ. ಹಣ ಇರುವಲ್ಲಿ ಒಂದು ಕೆಮ್ಮು ಕೂಡ ಸುಳಿವಾಗಬಲ್ಲದು. 2001ರಲ್ಲಿ ಬ್ರಿಟನ್ನಿನ ಮೂಲ ಕಾರ್ಯಕ್ರಮದಲ್ಲಿ ಚಾರ್ಲ್ಸ್ ಇಂಗ್ರಾಮ್ ಎಂಬ ಸೇನಾಧಿಕಾರಿ ಹತ್ತು ಲಕ್ಷ ಪೌಂಡ್ ಗೆದ್ದದ್ದು, ಸಭೆಯಲ್ಲಿ ಕೂತವರ ಕೆಮ್ಮಿನ ಸಹಾಯದಿಂದ ಎಂದು 2003ರಲ್ಲಿ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಅದಕ್ಕೂ ಹಿಂದೆ, 1950ರ ದಶಕದ ಅಮೆರಿಕದಲ್ಲಿ ‘ಟ್ವೆಂಟಿ ಒನ್’ ಎಂಬ ಕಾರ್ಯಕ್ರಮದ ತಯಾರಕರೇ ಸ್ಪರ್ಧಿಗಳಿಗೆ ಉತ್ತರ ಹೇಳಿಕೊಟ್ಟಿದ್ದು ಬಯಲಾಗಿ, 1960ರಲ್ಲಿ ಅದನ್ನು ಅಪರಾಧವೆಂದು ಸಾರುವ ಕಾನೂನನ್ನೇ ಅಲ್ಲಿ ತರಬೇಕಾಯಿತು. ನಮ್ಮ ನಿರೂಪಕರಿಬ್ಬರೂ ಈ ಪರೀಕ್ಷೆಯಲ್ಲಿ ಪೂರ್ಣಾಂಕ ಪಡೆದವರು. ರಮೇಶ್ ಅವರದು ಅಳೆದ ಮಾತು. ಸರಿಯುತ್ತರಕ್ಕೂ ತಪ್ಪುತ್ತರಕ್ಕೂ ಅವರ ಹುಬ್ಬು ಒಂದೇ ರೀತಿ ಏರುತ್ತಿತ್ತು. ಪುನೀತ್ ಅವರದು ಬೇರೆ ಬಗೆ. ಅವರು ಎಲ್ಲರಿಗೂ ಗೆಲುವನ್ನು ಬಯಸುತ್ತಿದ್ದರು, ಅದನ್ನು ಮುಚ್ಚಿಡುತ್ತಿರಲಿಲ್ಲ; ಆದರೆ ‘ಲಾಕ್ ಮಾಡ್ಲಾ?’ ಎಂಬ ಮಾತನ್ನು ನಾನು ಎಷ್ಟು ಸಲ ಕಿವಿಗೊಟ್ಟು ಕೇಳಿದರೂ ಅದರ ದನಿಯಲ್ಲಿ ಉತ್ತರದ ಸುಳಿವು ಸಿಗಲಿಲ್ಲ. ಅಷ್ಟು ಪ್ರೀತಿಯನ್ನು ತೋರಿಸಿಯೂ ಅಷ್ಟು ನಿಷ್ಪಕ್ಷಪಾತವಾಗಿ ಇರುವುದು ಸಾಧಾರಣ ಕೆಲಸವಲ್ಲ. ಅವರು ತೀರಿಕೊಂಡ 2021ರ ಅಕ್ಟೋಬರ್ 29ರ ನಂತರ ಆ ಕಂತುಗಳನ್ನು ಮತ್ತೆ ನೋಡುವಾಗ ನನ್ನ ಕಣ್ಣು ತುಂಬಿದ್ದು, ಅವರು ಸೋತವರನ್ನು ಬಾಗಿಲವರೆಗೆ ಬಿಟ್ಟುಬರುತ್ತಿದ್ದ ರೀತಿಗೆ.

ಇದೆಲ್ಲವನ್ನೂ ತೂಗಿ ನೋಡಿದರೆ, ಮರಳಿ ಬಂದ ‘ಕನ್ನಡದ ಕೋಟ್ಯಧಿಪತಿ’ಗೆ ನಾನು ಐದರಲ್ಲಿ ಮೂರೂವರೆ ಕೊಡುತ್ತೇನೆ. ಏಣಿಗೂ ನಿರೂಪಕರಿಗೂ ಪೂರ್ತಿ ಅಂಕ. ಕಳೆದದ್ದು ಬಾಗಿಲಿನಲ್ಲಿ ಮತ್ತು ಪ್ರಶ್ನೆಗಳ ಊರು ಕೇರಿಯಲ್ಲಿ.

ಹುಲಿಕಲ್ ಎಂದು ಉತ್ತರಿಸಿದ್ದ ಆ ಹುಡುಗಿ ಈಗ ಶಿವಮೊಗ್ಗದಲ್ಲಿ ಬಿ.ಎಡ್. ಓದುತ್ತಿದ್ದಾಳೆ. ಕಳೆದ ವರ್ಷದ ತಾಲ್ಲೂಕು ಸ್ಪರ್ಧೆಗೆ ಇಪ್ಪತ್ತು ಪ್ರಶ್ನೆ ಬರೆದುಕೊಡು ಎಂದು ಕೇಳಿದ್ದೆ. ಅವಳು ಕಳುಹಿಸಿದ ಹಾಳೆಯಲ್ಲಿ ಏಳನೆಯ ಪ್ರಶ್ನೆ ಮಳೆಯದು. ವರ್ಷ, ತಿಂಗಳು, ಮಾಪನ ಕೇಂದ್ರದ ಹೆಸರು ಎಲ್ಲವೂ ಪ್ರಶ್ನೆಯೊಳಗೇ ಇತ್ತು.